ಶೆಡ್ಡಿನ ಧೂಳು ಹೀರುವ ಪೈಪು: ಮೂರು ಸಲ ಬಿಚ್ಚಿ ನಾಲ್ಕನೇ ಸಲ ಕಟ್ಟಿದ ಕಥೆ

ಹೋದ ಭಾನುವಾರ ಸಂಜೆ ಕೊನೆಯ ಕ್ಲಾಂಪ್ ಬಿಗಿದೆ. ನನ್ನ ಮರಗೆಲಸದ ಶೆಡ್ಡಿನ ಮೆಷಿನ್ನುಗಳಿಂದ ಧೂಳು ಹೀರಲು ಪೈಪು ಹಾಕುವುದು ಎರಡು ದಿನದ ಕೆಲಸ ಅಂದುಕೊಂಡು ಶುರು ಮಾಡಿದ್ದು. ಹಿಡಿದದ್ದು ಒಂಬತ್ತು ವಾರ. ನಡುವೆ ಮೂರು ಸಲ ಬಿಚ್ಚಿದೆ. ಶೆಡ್ಡಿನ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿ ಅಳತೆ, ಎಡವಟ್ಟು ಎಲ್ಲವನ್ನೂ ಗೀಚಿಡುತ್ತಿದ್ದೆ. ಅದನ್ನೇ ಇಲ್ಲಿ ಸ್ವಲ್ಪ ಓದುವ ಹಾಗೆ ಮಾಡಿ ಬರೆದಿದ್ದೇನೆ. ನೀವೂ ಇದೇ ಕೆಲಸಕ್ಕೆ ಕೈ ಹಾಕುವವರಾದರೆ ಎಡವಟ್ಟುಗಳನ್ನು ಮಾತ್ರ ಓದಿದರೂ ಸಾಕು.

ಶೆಡ್ಡು 10 ಅಡಿ ಅಗಲ, 16 ಅಡಿ ಉದ್ದ. ಒಳಗೆ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಮೈಟರ್ ಸಾ (ಅಡ್ಡ, ಓರೆ ಕೊಯ್ಯುವ ಗರಗಸ), ರೌಟರ್ ಟೇಬಲ್ (ಅಂಚು, ತೋಡು ಕೊರೆಯುವುದು), ಕೈಯಲ್ಲಿ ಹಿಡಿಯುವ ಸ್ಯಾಂಡರ್ (ಮರ ಉಜ್ಜಿ ನುಣುಪು ಮಾಡುವುದು), ಒಂದು ಥಿಕ್‌ನೆಸರ್ (ಹಲಗೆಯ ದಪ್ಪ ಇಳಿಸುವುದು) ಇವೆ. ಹೀರುವುದಕ್ಕೆ ಇದ್ದದ್ದು ಒಂದೇ ವರ್ಕ್‌ಶಾಪ್ ವ್ಯಾಕ್ಯೂಮ್, 1400 ವ್ಯಾಟಿನದು. ಅದರ ಜೊತೆ ಬಂದ ಹೋಸು 36 ಮಿ.ಮೀ. ಅಗಲ, ಮೂರೂವರೆ ಮೀಟರ್ ಉದ್ದ. ಒಂದು ಮೆಷಿನ್ನಿನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವುದು, ಅದನ್ನೇ ಎಡವಿ ಬೀಳುವುದು, ಕೊನೆಗೆ ಬೇಜಾರಾಗಿ ಹೋಸಿಲ್ಲದೆಯೇ ಕೊಯ್ಯುವುದು. ಹೀಗೇ ಎರಡು ವರ್ಷ ಕಳೆದೆ. ಆಮೇಲೆ ಸ್ಯಾಂಡಿಂಗ್ ಮಾಡಿದ ದಿನವೆಲ್ಲ ರಾತ್ರಿ ಒಣ ಕೆಮ್ಮು ಶುರುವಾಯಿತು. ಮರದ ಧೂಳು ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಅದು ನನಗೆ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ಇದ್ದೆ, ಅಷ್ಟೇ. ಕೆಮ್ಮು ಬಂದ ಮೇಲೆ ಎದ್ದೆ.

ವಾರ 1: ವರ್ನಿಯರ್ ಹಿಡಿದು ಕೂತದ್ದು

ಮೊದಲ ಶನಿವಾರ ಏನೂ ಕೊಳ್ಳಲಿಲ್ಲ. ವರ್ನಿಯರ್ ಹಿಡಿದು ಮೆಷಿನ್ನುಗಳಲ್ಲಿ ಹೋಸು ಸಿಕ್ಕಿಸುವ ಎಲ್ಲ ಬಾಯಿಗಳ ಅಳತೆ ತೆಗೆದೆ. ಒಂಬತ್ತು ವಾರದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಬಹುಶಃ ಇದೊಂದೇ.

ಟೇಬಲ್ ಸಾ ಬಾಯಿ ಹೊರಗಿನಿಂದ 63.4 ಮಿ.ಮೀ. ರೌಟರ್ ಟೇಬಲ್ಲಿನದು ಹೊರಗಿನಿಂದ 57.2. ಮೈಟರ್ ಸಾ 38.1. ಸ್ಯಾಂಡರ್ 34.6, ಅದೂ ತುದಿಗೆ ಹೋದಂತೆ ಸಣ್ಣ. ಥಿಕ್‌ನೆಸರ್ 100. ವ್ಯಾಕ್ಯೂಮಿನ ಬಾಯಿ ಒಳಗಿನಿಂದ 57.8. ಇದರಲ್ಲಿ ಮೂರರ ಮೇಲೆ ‘ಎರಡೂವರೆ ಇಂಚು’ ಅಂತ ಅಚ್ಚು ಹಾಕಿದ್ದಾರೆ. ಒಂದಕ್ಕೊಂದು ಕೂರುವುದಿಲ್ಲ!

ಕಾರಣ ಆಮೇಲೆ ತಿಳಿಯಿತು. ಹೋಸನ್ನು ಒಳಗಿನ ಅಳತೆ ಹೇಳಿ ಮಾರುತ್ತಾರೆ. ಪಿವಿಸಿ ಪೈಪನ್ನು ಹೊರಗಿನ ಅಳತೆ ಹೇಳಿ ಮಾರುತ್ತಾರೆ. ಮೆಷಿನ್ ಮಾಡುವವರು ಯಾವುದನ್ನು ಅಳೆಯುತ್ತಾರೋ ಅವರಿಗೇ ಗೊತ್ತು. ಹಾಗಾಗಿ ಹೆಸರನ್ನು ನಂಬಬೇಡಿ. ಪ್ರತಿ ಬಾಯಿಗೂ ಎರಡು ಅಳತೆ ಬರೆದುಕೊಳ್ಳಿ, ಒಳಗಿನದು ಒಂದು, ಹೊರಗಿನದು ಒಂದು.

ಗಾಳಿ ಅಳೆಯುವ ಮೀಟರ್ ನನ್ನ ಹತ್ತಿರ ಇಲ್ಲ. 200 ಲೀಟರಿನ ಒಂದು ದೊಡ್ಡ ಕಸದ ಚೀಲವನ್ನು ವ್ಯಾಕ್ಯೂಮ್ ಗಾಳಿ ಹೊರಬಿಡುವ ಬಾಯಿಗೆ ಟೇಪ್ ಹಾಕಿ ಕಟ್ಟಿದೆ. ಸ್ವಿಚ್ ಹಾಕಿ, ಚೀಲ ಬಿಗಿಯಾಗುವವರೆಗೆ ಎಷ್ಟು ಸೆಕೆಂಡ್ ಅಂತ ಫೋನಿನಲ್ಲಿ ವಿಡಿಯೋ ತೆಗೆದು ನೋಡಿದೆ. ಸಂಖ್ಯೆ ಪಕ್ಕಾ ಅಲ್ಲ, ಆದರೆ ಹೋಲಿಸಿ ನೋಡಲು ಸಾಕು. ಹೋಸೇ ಇಲ್ಲದೆ 4 ಸೆಕೆಂಡ್. 36ರ ಹೋಸು ಹಾಕಿದಾಗ ಎಂಟೂವರೆ ಸೆಕೆಂಡ್. ಅಂದರೆ ಅರ್ಧಕ್ಕಿಂತ ಜಾಸ್ತಿ ಗಾಳಿಯನ್ನು ಆ ಹೋಸೇ ನುಂಗುತ್ತಿತ್ತು. ವ್ಯಾಕ್ಯೂಮಿಗೆ ಶಕ್ತಿ ಸಾಲದು ಅಂತ ಎರಡು ವರ್ಷ ಬೈದಿದ್ದೆ, ಪಾಪ.

ವಾರ 2 ಮತ್ತು 3: ದೊಡ್ಡ ಪೈಪಿನ ಆಸೆ

ಸಣ್ಣ ಹೋಸು ಗಾಳಿ ನುಂಗುತ್ತೆ, ಹಾಗಾದರೆ ದೊಡ್ಡ ಪೈಪು ಹಾಕಿದರೆ ಆಯಿತಲ್ಲ! ಇದು ನನ್ನ ಲೆಕ್ಕ. 110 ಮಿ.ಮೀ. ಪಿವಿಸಿ ಪೈಪು ತಂದೆ, ಅದಕ್ಕೆ ತಕ್ಕ ಬೆಂಡು, ವೈ (Y ಆಕಾರದ ಕವಲು ತುಂಡು) ಎಲ್ಲ ತಂದೆ. ಗೋಡೆಯುದ್ದಕ್ಕೂ ಎದೆ ಮಟ್ಟದಲ್ಲಿ 14 ಅಡಿ ಓಡಿಸಿದೆ. ನೋಡಲು ಕಾರ್ಖಾನೆಯ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದು ನಾಲ್ಕು ಜನರಿಗೆ ಕಳಿಸಿಯೂ ಆಯಿತು.

ಚೀಲದ ಪರೀಕ್ಷೆಯಲ್ಲಿ 4.4 ಸೆಕೆಂಡ್. ಹೆಚ್ಚುಕಡಿಮೆ ಹೋಸೇ ಇಲ್ಲದ ಹಾಗೆ. ಖುಷಿಯೋ ಖುಷಿ.

ಎರಡು ವಾರಾಂತ್ಯ ಟೇಬಲ್ ಸಾ ಓಡಿಸಿದೆ. ಮೊದಲ ದಿನ ಚೆನ್ನಾಗಿತ್ತು. ಆಮೇಲೆ ಪ್ರತಿ ಸಲ ಸ್ವಿಚ್ ಹಾಕಿದಾಗ ಪೈಪಿನೊಳಗೆ ಏನೋ ಉರುಳಿದ ಸದ್ದು. ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕಾದ ಕಡೆ ದಪ್ಪ್ ಅನ್ನುತ್ತಿತ್ತು. ಬಿಚ್ಚಿದೆ. ಪೈಪಿನ ಅರ್ಧದವರೆಗೆ ಮರದ ಹೊಟ್ಟು ಮಲಗಿತ್ತು. ನೆಲದಿಂದ ಮೇಲಕ್ಕೆ ಏರುವ ತುಂಡಿನ ಬುಡದಲ್ಲಂತೂ ಬಿರಡೆ ಹಾಕಿದ ಹಾಗೆ ಗಟ್ಟಿಯಾಗಿತ್ತು. ಎಲ್ಲ ಸುರಿದು ತೂಗಿದೆ. ಎರಡೂವರೆ ಕೆಜಿ.

ಆದದ್ದು ಇಷ್ಟು. ಹೊಟ್ಟು ಪೈಪಿನಲ್ಲಿ ತೇಲಿಕೊಂಡು ಹೋಗಬೇಕಾದರೆ ಗಾಳಿ ಓಡಬೇಕು. ಮರದ ಚಕ್ಕೆಗೆ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಇಟ್ಟುಕೊಳ್ಳುವುದು ವಾಡಿಕೆ. ನನ್ನ ವ್ಯಾಕ್ಯೂಮ್ ಸೆಕೆಂಡಿಗೆ 45 ಲೀಟರ್ ಎಳೆಯುತ್ತೆ. ಅಷ್ಟೇ ಗಾಳಿಯನ್ನು 110ರ ಪೈಪಿನಲ್ಲಿ ಹರಡಿದರೆ ವೇಗ 5 ಮೀಟರ್ ಚಿಲ್ಲರೆ. ಹೊಳೆ ಅಗಲವಾದ ಕಡೆ ನೀರು ನಿಧಾನ ಆಗಿ ಮರಳು ಕೂರುತ್ತಲ್ಲ, ಹಾಗೆ. ಇಷ್ಟು ಅಗಲದ, 4 ಇಂಚಿನ ಪೈಪು ಇರುವುದು ದೊಡ್ಡ ಫ್ಯಾನಿನ ಡಸ್ಟ್ ಕಲೆಕ್ಟರಿಗೆ. ಅದು ಗಾಳಿ ಜಾಸ್ತಿ ಎಳೆಯುತ್ತೆ, ಹೀರುವ ಬಲ ಕಡಿಮೆ. ವ್ಯಾಕ್ಯೂಮ್ ಇದರ ತಲೆಕೆಳಗು, ಬಲ ಜಾಸ್ತಿ, ಗಾಳಿ ಕಡಿಮೆ. ಒಂದರ ಪೈಪು ಇನ್ನೊಂದಕ್ಕೆ ಆಗುವುದಿಲ್ಲ.

ಚೀಲದ ಪರೀಕ್ಷೆ ಸುಳ್ಳು ಹೇಳಲಿಲ್ಲ. ಅದು ಗಾಳಿಯ ಲೆಕ್ಕ ಹೇಳಿತು, ವೇಗದ ಲೆಕ್ಕ ನಾನು ಕೇಳಲೇ ಇಲ್ಲ. 110ರ ಪೈಪು ಈಗ ಉದ್ದ ಪಟ್ಟಿಗಳನ್ನು ನಿಲ್ಲಿಸುವ ಸ್ಟ್ಯಾಂಡ್ ಆಗಿದೆ.

ವಾರ 4: ಬಕೆಟ್ಟು ಚಪ್ಪಟೆಯಾಯಿತು

ಹೊಸ ಪೈಪಿಗೆ ಮೊದಲು ಸೈಕ್ಲೋನ್ ಕೂರಿಸೋಣ ಅಂದುಕೊಂಡೆ. ಇದು ಪ್ಲಾಸ್ಟಿಕ್ಕಿನ ಒಂದು ಕೊಳವೆ, ಕೆಳಗೆ ಚೂಪಾಗಿರುತ್ತೆ. ಪಕ್ಕದಿಂದ ಬಂದ ಗಾಳಿ ಒಳಗೆ ಸುತ್ತು ಹೊಡೆದು ಹೊಟ್ಟನ್ನು ಕೆಳಗಿನ ಬಕೆಟ್ಟಿಗೆ ಬೀಳಿಸಿ, ಮೇಲಿನ ಬಾಯಿಯಿಂದ ವ್ಯಾಕ್ಯೂಮಿಗೆ ಹೋಗುತ್ತೆ. 20 ಲೀಟರಿನ ಖಾಲಿ ಪೇಂಟ್ ಬಕೆಟ್ಟಿನ ಮುಚ್ಚಳಕ್ಕೆ ತೂತು ಕೊರೆದು, ನಾಲ್ಕು ಬೋಲ್ಟ್ ಹಾಕಿ ಕೂರಿಸಿದೆ. ಒಂದು ಗಂಟೆಯ ಕೆಲಸ.

ಸ್ವಿಚ್ ಹಾಕಿ, ಹೀರುವ ಬಲ ಹೇಗಿದೆ ನೋಡೋಣ ಅಂತ ಹೋಸಿನ ಬಾಯಿಗೆ ಅಂಗೈ ಒತ್ತಿದೆ. ಪಟಾಕಿ ಹೊಡೆದ ಹಾಗೆ ಸದ್ದು. ಬಕೆಟ್ಟು ನಡುವಿನಿಂದ ಒಳಗೆ ಕುಸಿದು ತಿರುಚಿಕೊಂಡಿತು, ಸೈಕ್ಲೋನ್ ವಾಲಿ ಬಿತ್ತು. ಆಮೇಲೆ ಲೆಕ್ಕ ಹಾಕಿದೆ. ಬಾಯಿ ಪೂರ್ತಿ ಮುಚ್ಚಿದರೆ ಈ ವ್ಯಾಕ್ಯೂಮ್ ಎರಡು ಮೀಟರ್ ನೀರಿನ ಕಂಬದಷ್ಟು ಬಲದಿಂದ ಎಳೆಯುತ್ತೆ. ಬಕೆಟ್ಟಿನ ಮುಚ್ಚಳವೊಂದರ ಮೇಲೇ ಸುಮಾರು 140 ಕೆಜಿ ಭಾರ ಬಿದ್ದ ಹಾಗೆ. ಪೇಂಟ್ ಬಕೆಟ್ಟು ತಡೆಯುವುದಾದರೂ ಹೇಗೆ?

ಎರಡನೇ ಸಲ ಮೂರು ಬದಲಾವಣೆ ಮಾಡಿದೆ. ಒಂದು ಬಕೆಟ್ಟಿನೊಳಗೆ ಇನ್ನೊಂದು ಬಕೆಟ್ಟು ತೂರಿಸಿದೆ, ಗೋಡೆ ದಪ್ಪವಾಯಿತು. ಒಳಗೆ ನಡು ಮಟ್ಟದಲ್ಲಿ 18 ಮಿ.ಮೀ. ಪ್ಲೈವುಡ್ಡಿನ ಒಂದು ಬಳೆ ಕೊಯ್ದು ಬಿಗಿಯಾಗಿ ಕೂರಿಸಿದೆ. ಸೈಕ್ಲೋನಿಗೂ ವ್ಯಾಕ್ಯೂಮಿಗೂ ನಡುವಿನ ಪೈಪಿನಲ್ಲಿ 25 ಮಿ.ಮೀ. ತೂತು ಕೊರೆದು, ಅದರ ಮೇಲೆ ಸ್ಪ್ರಿಂಗ್ ಹಾಕಿದ ರಬ್ಬರ್ ಮುಚ್ಚಳ ಇಟ್ಟೆ. ಒಳಗಿನ ಎಳೆತ ಮಿತಿ ಮೀರಿದರೆ ಅದು ತಾನೇ ತೆರೆದು ಹೊರಗಿನ ಗಾಳಿ ಬಿಡುತ್ತೆ. ಈ ತೂತನ್ನು ಬಕೆಟ್ಟಿನ ಮುಚ್ಚಳದಲ್ಲಿ ಕೊರೆಯಬೇಡಿ. ಅಲ್ಲಿಂದ ಗಾಳಿ ನುಗ್ಗಿದರೆ ಕೆಳಗೆ ಕೂತ ಧೂಳೆಲ್ಲ ಮತ್ತೆ ಎದ್ದು ವ್ಯಾಕ್ಯೂಮಿಗೆ ಹೋಗುತ್ತೆ.

ಬಕೆಟ್ಟಿಗೆ ಒಂದು ಸಣ್ಣ ಸಂದು ಇದ್ದರೂ ಹೀಗೇ ಆಗುತ್ತೆ ಅನ್ನುವುದನ್ನು ತೂಗಿ ನೋಡಿದೆ. 500 ಗ್ರಾಂ ನುಣ್ಣನೆ ಹೊಟ್ಟು ಹೀರಿಸಿದೆ. ಬಕೆಟ್ಟಿನಲ್ಲಿ ಸಿಕ್ಕಿದ್ದು 431 ಗ್ರಾಂ. ಉಳಿದದ್ದು ವ್ಯಾಕ್ಯೂಮಿನ ಫಿಲ್ಟರಿನ ಮಡಿಕೆಗಳಲ್ಲಿ. ಮುಚ್ಚಳದ ಅಂಚಿಗೆ ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಅಂಟಿಸಿ ಮತ್ತೆ ಹೀರಿಸಿದಾಗ 494 ಗ್ರಾಂ. ಆರಡಿ ಫೋಮ್ ಪಟ್ಟಿಯ ಕೆಲಸ ಅದು.

ಇಲ್ಲೊಂದು ದೊಡ್ಡ ತಪ್ಪು ಮಾಡಿದೆ, ಹೇಳಲೇಬೇಕು. ಸಂದು ಎಲ್ಲಿದೆ ಅಂತ ಹುಡುಕಲು ಊದುಬತ್ತಿ ಹಚ್ಚಿ ಮುಚ್ಚಳದ ಸುತ್ತ ಹಿಡಿದೆ. ಹೊಗೆ ಎಲ್ಲಿ ಒಳಗೆ ಹೋಗುತ್ತೋ ಅಲ್ಲಿ ಸಂದು. ಉಪಾಯ ಕೆಲಸವೇನೋ ಮಾಡಿತು. ಹೊಗೆಯ ಹಿಂದೆಯೇ ಊದುಬತ್ತಿಯ ಕೆಂಡದ ತುದಿಯೂ ಮುರಿದು ಬೋಲ್ಟಿನ ತೂತಿನಿಂದ ಒಳಗೆ ಹೋಯಿತು. ಒಳಗೆ ಅರ್ಧ ಬಕೆಟ್ಟು ಒಣ ಹೊಟ್ಟು, ಮೇಲಿಂದ ಬೀಸುವ ಗಾಳಿ. ಒಲೆ ಊದಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಾ? ಸ್ವಿಚ್ ಆರಿಸಿ, ಬಕೆಟ್ಟು ಹೊರಗೆ ಎಳೆದು, ಪೂರ್ತಿ ನೀರು ಸುರಿದೆ. ಏನೂ ಆಗಲಿಲ್ಲ, ಆದರೆ ಆ ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಈಗ ಸಂದು ಹುಡುಕಲು ಒಂದು ಎಳೆ ಹೊಲಿಗೆ ದಾರ ಹಿಡಿಯುತ್ತೇನೆ. ದಾರ ಎಲ್ಲಿ ಒಳಕ್ಕೆ ವಾಲುತ್ತೋ ಅಲ್ಲಿ ಟೇಪು.

ವಾರ 5 ಮತ್ತು 6: 63ರ ಪೈಪು

ಗೋಡೆಗೆ 63 ಮಿ.ಮೀ. ಪಿವಿಸಿ ಪೈಪು ಹಾಕುವುದು ಅಂತ ತೀರ್ಮಾನ ಆಯಿತು. ಒಳಗಿನ ಅಗಲ 59. ಹೋಸಿನ ಹಾಗೆ ಒಳಗೆ ಗೆರೆಗೆರೆ ಇಲ್ಲ, ನುಣುಪು. ಒಟ್ಟು ಮೂರು ಕವಲು: ಟೇಬಲ್ ಸಾ, ಮೈಟರ್ ಸಾ, ಮತ್ತು ರೌಟರ್ ಟೇಬಲ್ಲಿಗೂ ಸ್ಯಾಂಡರಿಗೂ ಸೇರಿ ಒಂದು. ಥಿಕ್‌ನೆಸರಿಗೆ ಬೇಕಾದಾಗ ಟೇಬಲ್ ಸಾದ ಹೋಸನ್ನೇ ಕಿತ್ತು ಹಾಕುವುದು.

ಕವಲಿಗೆ T ಆಕಾರದ ತುಂಡು ಹಾಕಲಿಲ್ಲ, ವೈ ಹಾಕಿದೆ. 90 ಡಿಗ್ರಿ ಎಲ್ಬೋ ಬೇಕಾದ ಕಡೆ ಎರಡು 45ರ ಬೆಂಡು, ನಡುವೆ ಒಂದು ಗೇಣು ನೇರ ಪೈಪು. ಇದೆಲ್ಲ ಮೊದಲೇ ಓದಿಕೊಂಡಿದ್ದೆ. ಆದರೂ ಒಂದು ವೈಯನ್ನು ತಿರುಗಾಮುರುಗಾ ಹಾಕಿದೆ. ನಾನು ಪೈಪು ಹಾಕುತ್ತಾ ಹೋದದ್ದು ವ್ಯಾಕ್ಯೂಮಿನಿಂದ ಮೆಷಿನ್ನಿನ ಕಡೆಗೆ. ಹೊಟ್ಟು ಬರುವುದು ಮೆಷಿನ್ನಿನಿಂದ ವ್ಯಾಕ್ಯೂಮಿನ ಕಡೆಗೆ. ಕೈ ಹೋದ ದಿಕ್ಕಿನಲ್ಲೇ ಕವಲೂ ವಾಲಿತು. ರೌಟರಿನ ಚಕ್ಕೆ ಅಲ್ಲಿ ಬಂದು, ಗೋಡೆಗೆ ಡಿಕ್ಕಿ ಹೊಡೆದು, ಹಿಂದಕ್ಕೆ ತಿರುಗಬೇಕಿತ್ತು. ಈಗ ಪ್ರತಿ ತುಂಡಿನ ಮೇಲೂ ಮಾರ್ಕರಿನಿಂದ ಬಾಣ ಬರೆದಿದ್ದೇನೆ.

ಜೋಡಣೆಗೆ ಸಾಲ್ವೆಂಟ್ ಅಂಟು ಹಾಕಬೇಡಿ. ಬಿಚ್ಚುವ ದಿನ ಬಂದೇ ಬರುತ್ತೆ. ನಾನು ಪ್ರತಿ ಜೋಡಣೆಗೂ ಎರಡು ಸಣ್ಣ ಸ್ಕ್ರೂ ಹಾಕಿದೆ. ಅದರಲ್ಲಿ ಕೆಲವು 19 ಮಿ.ಮೀ. ಉದ್ದದವು, ಡಬ್ಬದಲ್ಲಿ ಅವೇ ಸಿಕ್ಕವು. ಪೈಪು ಮತ್ತು ಬೆಂಡಿನ ಗೋಡೆ ಎರಡೂ ಸೇರಿ 5 ಮಿ.ಮೀ. ಕೂಡ ಇಲ್ಲ. ಉಳಿದ ಉದ್ದವೆಲ್ಲ ಪೈಪಿನೊಳಗೆ ಮುಳ್ಳಿನ ಹಾಗೆ ನಿಂತಿತು. ಮೂರನೇ ದಿನ ಟೇಬಲ್ ಸಾದಿಂದ ಬಂದ ಒಂದು ಸಿಗುರು ಆ ಮುಳ್ಳಿಗೆ ಅಡ್ಡ ಸಿಕ್ಕಿಕೊಂಡಿತು. ಅದರ ಹಿಂದೆ ಇನ್ನೊಂದು. ಒಂದು ಗಂಟೆಯಲ್ಲಿ ಒಂದಡಿ ಪೈಪು ಗಟ್ಟಿ. ಮತ್ತೆ ಎಲ್ಲ ಬಿಚ್ಚಿದೆ. ಸ್ಕ್ರೂ ಪೂರ್ತಿ ತೆಗೆದುಹಾಕಿ, ಒತ್ತಿ ಕೂರಿಸಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸುತ್ತಿದೆ.

ಈ ಟೇಪ್ ಸುತ್ತುವ ಮೊದಲಿನ, ನಂತರದ ಅಳತೆ ನೋಡಿ. ಟೇಪ್ ಇಲ್ಲದಾಗ ಚೀಲ 4.6 ಸೆಕೆಂಡಿಗೆ ತುಂಬಿತು. ಟೇಪ್ ಸುತ್ತಿದ ಮೇಲೆ 5.2 ಸೆಕೆಂಡ್. ಹಾಳಾಯಿತೇ? ತಲೆ ಕೆರೆದುಕೊಂಡು ಅರ್ಧ ಗಂಟೆ ಕೂತೆ. ಆಮೇಲೆ ಟೇಬಲ್ ಸಾದ ತುದಿಗೆ ಹೋಗಿ ಹೋಸಿನ ಬಾಯಿಯನ್ನು ಹೊಟ್ಟಿನ ಗುಡ್ಡೆಯ ಹತ್ತಿರ ಮೆಲ್ಲಗೆ ತಂದು ನೋಡಿದೆ. ಟೇಪ್ ಇಲ್ಲದಾಗ 4 ಸೆಂ.ಮೀ. ಹತ್ತಿರ ಬಂದಾಗ ಹೊಟ್ಟು ಏಳುತ್ತಿತ್ತು. ಈಗ 9 ಸೆಂ.ಮೀ. ದೂರದಿಂದಲೇ ಏಳುತ್ತೆ. ಮೊದಲು ಚೀಲ ತುಂಬುತ್ತಿದ್ದ ಗಾಳಿಯಲ್ಲಿ ಅರ್ಧ, ಜೋಡಣೆಗಳ ಸಂದಿನಿಂದ ಬಂದ ಕಳ್ಳ ಗಾಳಿ! ಚೀಲಕ್ಕೆ ಗಾಳಿ ಎಲ್ಲಿಂದ ಬಂತು ಅಂತ ಏನು ಗೊತ್ತು. ಅಂದಿನಿಂದ ಎರಡೂ ಪರೀಕ್ಷೆ ಮಾಡುತ್ತೇನೆ. ಜಾಸ್ತಿ ನಂಬುವುದು ಹೊಟ್ಟಿನ ಗುಡ್ಡೆಯನ್ನೇ.

ಅಳತೆ ಕೂರದ ಕಡೆ ಅಡಾಪ್ಟರ್ ಕೊಳ್ಳುವ ಬದಲು ಪೈಪನ್ನೇ ಕಾಯಿಸಿ ಹಿಗ್ಗಿಸಿದೆ. ಹೀಟ್ ಗನ್ನಿನಿಂದ ತುದಿಯ ಎರಡಿಂಚನ್ನು ಸುತ್ತಲೂ ತಿರುಗಿಸಿ ಕಾಯಿಸಿದರೆ ಪಿವಿಸಿ ಚಕ್ಕುಲಿ ಹಿಟ್ಟಿನಷ್ಟು ಮೆತ್ತಗಾಗುತ್ತೆ. ಬೇಕಾದ ಅಳತೆಯ ಮರದ ಗುಟ್ಟ ಒಳಗೆ ತೂರಿಸಿ ಒದ್ದೆ ಬಟ್ಟೆಯಿಂದ ತಣಿಸುವುದು. ಮೊದಲನೆಯ ತುಂಡನ್ನು ಒಂದೇ ಕಡೆ ಹಿಡಿದು ಸುಟ್ಟೆ. ಕಂದು ಬಣ್ಣಕ್ಕೆ ತಿರುಗಿ, ಮೂಗು ಸುಡುವ ವಾಸನೆ ಬಂತು. ಆ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತೆ. ಈ ಕೆಲಸ ಹೊರಗೆ ಬಯಲಲ್ಲಿ ಮಾಡಿ. ಎರಡನೆಯದು ಗುಟ್ಟಕ್ಕೆ ಕಚ್ಚಿಕೊಂಡು ಬರಲೇ ಇಲ್ಲ, ಕೊಯ್ದು ತೆಗೆದೆ. ಮೂರನೆಯದಕ್ಕೆ ಗುಟ್ಟದ ಸುತ್ತ ಬೇಕಿಂಗ್ ಪೇಪರ್ ಸುತ್ತಿದೆ, ಅಳತೆಗಿಂತ ಅರ್ಧ ಮಿ.ಮೀ. ದೊಡ್ಡದಾಗಿಯೂ ಇಟ್ಟೆ. ತಣ್ಣಗಾದಾಗ ಸ್ವಲ್ಪ ಕುಗ್ಗುತ್ತೆ. ಸರಿಯಾಗಿ ಕೂತಿತು.

ವಾರ 7: ಗೇಟು

ಮೂರು ಕವಲಿನಲ್ಲಿ ಒಂದು ಸಲಕ್ಕೆ ಒಂದನ್ನೇ ತೆರೆಯಬೇಕು. ಅದಕ್ಕೆ ಜಾರುವ ಗೇಟು. 12 ಮಿ.ಮೀ. ಪ್ಲೈವುಡ್ಡಿನ ಎರಡು ಹಲಗೆ, ನಡುವೆ ಜಾರಲು 6 ಮಿ.ಮೀ. ಪ್ಲೈವುಡ್ಡು, ಎಲ್ಲ ಹಳೆಯ ಚೂರುಗಳಲ್ಲೇ ಆಯಿತು. ಮೂರೂ ಗೇಟು ಒಂದು ಮಧ್ಯಾಹ್ನದಲ್ಲಿ ಮುಗಿದವು.

ವಾರದೊಳಗೆ ಮೂರೂ ಪೂರ್ತಿ ಮುಚ್ಚದಾದವು. ಜಾರುವ ತೋಡಿನ ಕೊನೆಯನ್ನು ನಾನು ಮುಚ್ಚಿದ್ದೆ, ಚೆಂದ ಕಾಣಲಿ ಅಂತ. ಪ್ರತಿ ಸಲ ಮುಚ್ಚುವಾಗ ಸ್ವಲ್ಪ ಹೊಟ್ಟು ಆ ಮೂಲೆಗೆ ತಳ್ಳಿಕೊಂಡು ಹೋಗಿ ಗಟ್ಟಿಯಾಗಿ ಕೂತಿತ್ತು. ಕೊನೆಯ ಗೋಡೆ ಕೊಯ್ದುಹಾಕಿದೆ. ಈಗ ಹೊಟ್ಟು ಆ ಕಡೆಯಿಂದ ಹೊರಗೆ ಬೀಳುತ್ತೆ. ಜಾರುವ ಪ್ಲೈವುಡ್ಡು ತೇವಕ್ಕೆ ಉಬ್ಬಿ ಬಿಗಿಯೂ ಆಗುತ್ತಿತ್ತು. ಅದರ ಬದಲು 5 ಮಿ.ಮೀ. ಅಕ್ರಿಲಿಕ್ ಹಾಕಿದೆ. ಒಳಗೆ ಏನು ನಡೆಯುತ್ತಿದೆ ಅಂತ ಕಾಣುತ್ತೆ ಅನ್ನುವುದು ಪುಕ್ಕಟೆ ಲಾಭ.

ವಾರ 7, 8: ಹೋಸು

ಈ ಭಾಗಕ್ಕೆ ಹೋದಷ್ಟು ದುಡ್ಡು ಬೇರೆ ಯಾವುದಕ್ಕೂ ಹೋಗಲಿಲ್ಲ. ವ್ಯಾಕ್ಯೂಮಿನ ಬೆಲೆ 100 ಅಂತ ಇಟ್ಟುಕೊಂಡರೆ ಸೈಕ್ಲೋನಿಗೆ 15, 63ರ ಪೈಪು, ಬೆಂಡು, ಟೇಪಿಗೆ 18, ದಂಡವಾದ 110ರ ಪೈಪಿಗೆ 20, ಹೋಸಿಗೆ 45. ಆ 45ರಲ್ಲಿ 15 ತಪ್ಪು ಹೋಸಿಗೆ.

ತಪ್ಪು ಹೋಸು ಅಂದರೆ ಹಿಗ್ಗುವ ಜಾತಿಯದು. ಎಳೆದರೆ ಮೂರು ಮೀಟರ್, ಬಿಟ್ಟರೆ ಒಂದು ಮೀಟರ್. ಕೈಯಲ್ಲಿ ನೋಡಿದಾಗ ಎಷ್ಟು ಅನುಕೂಲ ಅನಿಸಿತು! ಮೈಟರ್ ಸಾಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಒಳಗಿನ ಗಾಳಿ ಎಳೆದ ಕೂಡಲೇ ಹೋಸು ಆಮೆ ಕತ್ತು ಒಳಕ್ಕೆ ಎಳೆದುಕೊಂಡ ಹಾಗೆ ಕುಗ್ಗಿತು. ಮೈಟರ್ ಸಾ ಭಾರ ಇದೆ, ಕದಲಲಿಲ್ಲ. ಹೋಸು ಕಿತ್ತುಕೊಂಡು ಬಂದು ಗೋಡೆಯ ಮೇಲಿದ್ದ ಅಂಟಿನ ಬಾಟಲಿ ಉರುಳಿಸಿತು. ಸ್ಯಾಂಡರಿಗೆ ಹಾಕಿದಾಗಲಂತೂ ಯಾರೋ ಹಿಂದಿನಿಂದ ಕೈ ಹಿಡಿದು ಎಳೆಯುತ್ತಿದ್ದ ಹಾಗಿತ್ತು. ಅಂಥ ಹೋಸಿಗೆ ಒಳಗಿನ ಗೆರೆಗಳೂ ಆಳ, ಗಾಳಿ ಉಜ್ಜಿಕೊಂಡೇ ಹೋಗಬೇಕು. ಮೂರು ಮೀಟರ್ ನೇರ ಪಿವಿಸಿ ಇದ್ದ ಕಡೆ ಮೂರು ಮೀಟರ್ ಈ ಹೋಸು ಹಾಕಿ ಚೀಲ ಕಟ್ಟಿದಾಗ 5.2 ಇದ್ದದ್ದು 6.9ಕ್ಕೆ ಹೋಯಿತು.

ಈಗ ಹಾಕಿರುವುದು ಪಾಲಿಯುರೆಥೇನ್ ಹೋಸು. ಒಳಗೆ ಉಕ್ಕಿನ ತಂತಿಯ ಸುರುಳಿ, ಒಳಮೈ ಹೆಚ್ಚುಕಡಿಮೆ ನುಣುಪು. ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಅಲ್ಲಾಡದ ಮೆಷಿನ್ನಿಗೆ ಗೇಟಿನಿಂದ ಮೆಷಿನ್ ಬಾಯಿವರೆಗೆ ಎಷ್ಟು ಬೇಕೋ ಅಷ್ಟೇ. ಟೇಬಲ್ ಸಾಗೆ 80 ಸೆಂ.ಮೀ., ರೌಟರ್ ಟೇಬಲ್ಲಿಗೆ 60. ‘ಇರಲಿ, ಒಂದು ಮೀಟರ್ ಜಾಸ್ತಿ’ ಅಂತ ಬಿಟ್ಟರೆ ಆ ಒಂದು ಮೀಟರ್ ನೆಲಕ್ಕೆ ಜೋಲು ಬಿದ್ದು, ಜೋಲಿನ ತಳದಲ್ಲಿ ಹೊಟ್ಟು ನಿಲ್ಲುತ್ತೆ. ಮೊದಲ ವಾರ ನಾನು ಬಿಟ್ಟಿದ್ದೆ, ನಿಂತಿತ್ತು.

ತಂತಿ ಹೋಸು ಕೊಯ್ಯಲು ಚಾಕು, ತಂತಿಗೆ ಕಟ್ಟಿಂಗ್ ಪ್ಲೈಯರ್. ಕೊಯ್ದ ತಂತಿಯ ತುದಿ ಸೂಜಿಯ ಹಾಗಿರುತ್ತೆ, ಒಳಕ್ಕೆ ಮಡಚಬೇಡಿ, ಹೊಟ್ಟಿಗೆ ಮತ್ತೊಂದು ಮುಳ್ಳು. ಹೊರಕ್ಕೆ ಮಡಚಿ. ಸಾಮಾನ್ಯ ಕ್ಲಾಂಪ್ ಹಾಕಿದರೆ ಹೋಸಿನ ಸುರುಳಿಯ ಏಣಿನ ಮೇಲೆ ಅಡ್ಡ ಕೂತು ಒಂದು ಕಡೆ ಸಂದು ಬಿಡುತ್ತೆ. ಸುರುಳಿ ಹೋದ ಹಾಗೆ ವಾಲುವ, ನಡುವೆ ಸೇತುವೆ ಇರುವ ಕ್ಲಾಂಪ್ ಸಿಗುತ್ತೆ, ಅದನ್ನೇ ತನ್ನಿ. ಸಿಗದಿದ್ದರೆ ಬಾಯಿಗೆ ಎರಡು ಸುತ್ತು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಅದರ ಮೇಲೆ ಹೋಸು ತಿರುಗಿಸಿ ಏರಿಸಿ. ಕ್ಲಾಂಪ್ ಇಲ್ಲದೆಯೂ ಕಚ್ಚಿಕೊಳ್ಳುತ್ತೆ.

ಸ್ಯಾಂಡರಿಗೆ ಮಾತ್ರ ಸಣ್ಣ ಹೋಸೇ ಬೇಕು. 63ರದ್ದು ಕಟ್ಟಿದರೆ ಸ್ಯಾಂಡರಿಗಿಂತ ಹೋಸೇ ಭಾರ. 27 ಮಿ.ಮೀ. ಹೋಸು ಎರಡೂವರೆ ಮೀಟರ್, ಮೇಲಿನ ತೊಲೆಯಿಂದ ದಾರ ಕಟ್ಟಿ ತೂಗುಬಿಟ್ಟಿದ್ದೇನೆ. ಮೊದಲ ದಿನ ಪೂರ್ತಿ ಬಲಕ್ಕೆ ಇಟ್ಟು ಉಜ್ಜಿದೆ. ಸ್ಯಾಂಡರ್ ಮರಕ್ಕೆ ಜಿಗಣೆಯ ಹಾಗೆ ಅಂಟಿತು, ತಿರುಗುವ ಬದಲು ಒಂದೇ ಕಡೆ ಕೆರೆದು ಹಂದಿ ಬಾಲದಂಥ ಸುರುಳಿ ಗೀರು ಬಿಟ್ಟಿತು. ಮೇಜಿನ ಒಂದು ಹಲಗೆಯನ್ನು ಮತ್ತೆ 120ರ ಉಜ್ಜುವ ಕಾಗದದಿಂದ ಶುರು ಮಾಡಬೇಕಾಯಿತು. ಈಗ ಹೋಸಿನ ಬುಡದಲ್ಲಿ 12 ಮಿ.ಮೀ. ತೂತು, ಮೇಲೊಂದು ತಿರುಗುವ ಬಳೆ. ಬಳೆ ತಿರುಗಿಸಿ ಅರ್ಧ ತೆರೆದರೆ ಸ್ಯಾಂಡರ್ ಸರಾಗ ಓಡುತ್ತೆ, ಧೂಳೂ ಹೋಗುತ್ತೆ.

ವಾರ 9: ಶಾಕು

ಒಣ ದಿನ ಅರ್ಧ ಗಂಟೆ ಕೊಯ್ದ ಮೇಲೆ ಪೈಪಿನ ಹತ್ತಿರ ಮೊಣಕೈ ತಂದರೆ ಚಟ್ ಅಂತ ಕಿಡಿ. ಗಾಳಿ, ಹೊಟ್ಟು ಪ್ಲಾಸ್ಟಿಕ್ಕಿಗೆ ಉಜ್ಜಿ ಉಜ್ಜಿ ಹುಟ್ಟುವ ಸ್ಥಾಯಿ ವಿದ್ಯುತ್ತು. ಗರಗಸದ ಅಲಗಿನ ಹತ್ತಿರ ಕೈ ಇರುವಾಗ ಬೆಚ್ಚಿಬೀಳುವುದು ಒಳ್ಳೆಯದಲ್ಲ, ಅಲ್ವಾ?

ಮೊದಲು ಪಿವಿಸಿ ಪೈಪಿನ ಹೊರಗೆ ಬರಿಯ ತಾಮ್ರದ ತಂತಿ ಸುತ್ತಿ ಅರ್ಥ್ ಮಾಡಿದೆ. ತಂತಿ ಇದ್ದ ಕಡೆ ಕಿಡಿ ಇಲ್ಲ, ಒಂದಡಿ ಆಚೆ ಇದೆ. ಪ್ಲಾಸ್ಟಿಕ್ಕು ವಿದ್ಯುತ್ತನ್ನು ಹರಿಯಲು ಬಿಡುವುದಿಲ್ಲ, ಒಂದು ಕಡೆ ಅರ್ಥ್ ಮಾಡಿದರೆ ಇನ್ನೊಂದು ಕಡೆಗೆ ಉಪಯೋಗ ಇಲ್ಲ. ಹೋಸಿನದು ಸುಲಭವಾಯಿತು. ಒಳಗಿನ ಉಕ್ಕಿನ ತಂತಿಯ ತುದಿಯನ್ನು ಎರಡು ಸೆಂ.ಮೀ. ಕೆರೆದು ಮೆಷಿನ್ನಿನ ಲೋಹದ ಮೈಗೆ ಒಂದು ಬೋಲ್ಟಿನಡಿ ಸಿಕ್ಕಿಸಿದೆ. ಹೋಸಿನಲ್ಲಿ ಶಾಕು ಪೂರ್ತಿ ನಿಂತಿತು. ಸ್ಯಾಂಡರಿನ ಮೈ ಪ್ಲಾಸ್ಟಿಕ್ಕಿನದು, ಅದರ ಹೋಸಿನಲ್ಲಿ ಇನ್ನೂ ಸ್ವಲ್ಪ ಬರುತ್ತೆ. ಗೋಡೆಯ ಪೈಪಿಗೆ ಕೈ ತಾಗುವ ಜಾಗದಲ್ಲೆಲ್ಲ ತಂತಿಯನ್ನು ಒತ್ತೊತ್ತಾಗಿ ಸುತ್ತಿ ಬಿಟ್ಟುಬಿಟ್ಟೆ.

ಈಗ ಹೇಗಿದೆ

ಟೇಬಲ್ ಸಾ ಕೆಳಗಿನ ಹೊಟ್ಟು ಹೆಚ್ಚುಕಡಿಮೆ ಪೂರ್ತಿ ಹೋಗುತ್ತೆ. ಅಲಗಿನ ಮೇಲಿಂದ ಮುಖಕ್ಕೆ ಹಾರುವುದು ಹಾಗೇ ಇದೆ, ಅದಕ್ಕೆ ಮೇಲೊಂದು ಮುಚ್ಚಿಗೆ ಬೇಕು. ರೌಟರ್ ಟೇಬಲ್ಲು, ಸ್ಯಾಂಡರ್ ಎರಡೂ ಚೆನ್ನಾಗಿವೆ. ಮುಖವಾಡ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಕಣ್ಣಿಗೆ ಕಾಣದ ನುಣ್ಣನೆಯ ಧೂಳು ಇನ್ನೂ ಗಾಳಿಯಲ್ಲಿ ಇದ್ದೇ ಇರುತ್ತೆ.

ಥಿಕ್‌ನೆಸರ್ ಈ ವ್ಯಾಕ್ಯೂಮಿಗೆ ಮೀರಿದ್ದು. 100ರಿಂದ 63ಕ್ಕೆ ರೆಡ್ಯೂಸರ್ ಹಾಕಿ ಓಡಿಸಿದೆ. ಏಳು ನಿಮಿಷಕ್ಕೆ ಬಕೆಟ್ಟು ತುಂಬಿ, ನಾನು ನೋಡದೆ ಇನ್ನೆರಡು ಹಲಗೆ ಹಾಕಿದ್ದರಿಂದ ಚಕ್ಕೆಯೆಲ್ಲ ಸೈಕ್ಲೋನ್ ದಾಟಿ ನೇರ ಫಿಲ್ಟರಿಗೆ ಹೋಯಿತು. ಫಿಲ್ಟರ್ ತೊಳೆದು ಒಣಗಿಸಲು ಎರಡು ದಿನ. ಬಕೆಟ್ಟಿನ ಮೂರನೇ ಎರಡು ಭಾಗ ತುಂಬುತ್ತಿದ್ದ ಹಾಗೆ ಖಾಲಿ ಮಾಡಬೇಕು. ಹೊರ ಬಕೆಟ್ಟು, ಒಳ ಬಕೆಟ್ಟು ಎರಡರಲ್ಲೂ ಒಂದು ಉದ್ದ ಸೀಳು ಕೊಯ್ದು, ಪಾರದರ್ಶಕ ಪ್ಲಾಸ್ಟಿಕ್ ಅಂಟಿಸಿ ಕಿಟಕಿ ಮಾಡಿದ್ದೇನೆ. ಅಂಚಿಗೆ ಸಿಲಿಕಾನ್ ಬಳಿದು ದಾರ ಹಿಡಿದು ನೋಡಿದೆ, ಸಂದು ಇಲ್ಲ. ಥಿಕ್‌ನೆಸರನ್ನು ಈಗ ಶೆಡ್ಡಿನ ಬಾಗಿಲ ಹೊರಗೆ ಎಳೆದುಕೊಂಡು ಹೋಗಿ ಓಡಿಸುತ್ತೇನೆ.

ಮೈಟರ್ ಸಾ ಮಾತ್ರ ನನ್ನ ಸೋಲು. ಅದರ ಬಾಯಿ 38 ಮಿ.ಮೀ., ಅಲಗು ಹೊಟ್ಟನ್ನು ಎಸೆಯುವುದು ಆ ಬಾಯಿಗೆ ಎರಡಿಂಚು ಕೆಳಗೆ. ಹಿಂದೆ ರಟ್ಟಿನ ಗೂಡು ಕಟ್ಟಿ ಅದಕ್ಕೆ ಎರಡನೇ ಹೋಸು ಕೊಟ್ಟೆ. ಇರುವ ಗಾಳಿ ಎರಡು ಪಾಲಾಗಿ ಎರಡೂ ಕಡೆ ಸಪ್ಪೆಯಾಯಿತು. ಬಾಯಿಯ ಹೋಸು ತೆಗೆದು ಗೂಡಿಗೆ ಮಾತ್ರ ಇಟ್ಟಾಗ ಸ್ವಲ್ಪ ವಾಸಿ. ಈಗ ರಟ್ಟಿನ ಬದಲು 6 ಮಿ.ಮೀ. ಪ್ಲೈವುಡ್ಡಿನಲ್ಲಿ ಗೂಡು ಮಾಡಿ, ತಳವನ್ನು ಹೋಸಿನ ಬಾಯಿಯ ಕಡೆಗೆ ಇಳಿಜಾರು ಇಟ್ಟಿದ್ದೇನೆ. ಅರ್ಧ ಹೊಟ್ಟು ಗೂಡಿಗೆ ಬೀಳುತ್ತೆ. ಇನ್ನರ್ಧಕ್ಕೆ ಪೊರಕೆ ಪಕ್ಕದಲ್ಲೇ ನೇತುಹಾಕಿದೆ.